ಎಡಗೈ ಬ್ರೇಕು

ಹುಮನಾಬಾದಿನ ಒಂದು ಔಷಧಿ ಕಾರ್ಖಾನೆಯಲ್ಲಿ ನನ್ನ ಕೆಲಸವೆಂದರೆ ಬೇರೆಯವರ ಕೆಲಸದಲ್ಲಿ ತಪ್ಪು ಹುಡುಕುವುದು. ಒಬ್ಬ ಮಾಡಿದ್ದನ್ನು ಇನ್ನೊಬ್ಬ ನೋಡಿ ಸಹಿ ಹಾಕದೆ ಅಲ್ಲಿ ಒಂದು ಡ್ರಮ್ಮೂ ಬಾಗಿಲು ದಾಟುವುದಿಲ್ಲ. ಆ ಇನ್ನೊಬ್ಬ ನಾನು. ವರ್ಷಗಟ್ಟಲೆ ಇದನ್ನೇ ಮಾಡಿ, ಲೋಕದಲ್ಲಿ ತಪ್ಪು ಮಾಡುವವರೆಲ್ಲ ಬೇರೆಯವರು ಎಂಬ ನಂಬಿಕೆ ನನ್ನಲ್ಲಿ ಬೇರು ಬಿಟ್ಟುಬಿಟ್ಟಿದೆ. ಹೆಂಡತಿಗೆ ಇದು ಹಾಸ್ಯದ ವಸ್ತು. ಸಾರಿಗೆ ಉಪ್ಪು ಹೆಚ್ಚಾದ ದಿನ ನಾನು ಮುಖ ಕಿವಿಚುವ ಮೊದಲೇ, ‘ಸಹಿ ಹಾಕಬ್ಯಾಡ್ರಿ, ವಾಪಸ್ ಕಳಸ್ರಿ’ ಎನ್ನುತ್ತಾಳೆ.

ಅವಳು ವಿಜಯಪುರದ ಕಡೆಯವಳು. ಅಲ್ಲಿ ಹುಡುಗಿಯರು ಸೈಕಲ್ ಪಂದ್ಯಕ್ಕೆ ಹೋಗುವುದನ್ನು ಯಾರೂ ಕಣ್ಣರಳಿಸಿ ನೋಡುವುದಿಲ್ಲ. ಮದುವೆಯಾಗಿ ಬಸವಕಲ್ಯಾಣಕ್ಕೆ ಬಂದಾಗ ಕಪಾಟು, ಹಾಸಿಗೆಗಳ ಜೊತೆಗೆ ಅವಳ ಉಕ್ಕಿನ ರೇಸ್ ಸೈಕಲ್ಲೂ ಟೆಂಪೋದಿಂದ ಇಳಿಯಿತು. ಟಗರಿನ ಕೊಂಬಿನಂತೆ ಬಾಗಿದ ಅದರ ಹ್ಯಾಂಡಲ್ ನೋಡಿ ನಮ್ಮ ಓಣಿಯ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಿದ್ದರು. ಈಗ ಅವಳು ಹುಮನಾಬಾದಿನ ಒಂದು ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಣದ ಶಿಕ್ಷಕಿ. ವಾರದ ಐದು ದಿನ ಬಸ್ಸು. ಶನಿವಾರ ಬೆಳಗಿನ ಶಾಲೆ, ಅಂದು ಮಾತ್ರ ಆರಕ್ಕೆಲ್ಲ ಸೈಕಲ್ ಹತ್ತಿ ಹೊರಟುಬಿಡುತ್ತಾಳೆ. ಹೋಗುವ ದಾರಿಯೇ ಮೂವತ್ತು ಕಿಲೋಮೀಟರಿಗೆ ಹತ್ತಿರ, ಅದರಲ್ಲಿ ಹೆಚ್ಚಿನದು ಹೆದ್ದಾರಿ. ವಾರಕ್ಕೆ ಅದೊಂದು ಬೆಳಗು ತನ್ನದು ಎಂದು ಅವಳು ಹೇಳಿದ್ದಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ.

ಸೈಕಲ್ಲಿಗೆ ಇಪ್ಪತ್ತು ದಾಟಿತ್ತು. ಗೇರು ಬದಲಿಸಬೇಕಾದರೆ ಹ್ಯಾಂಡಲ್ಲಿನಿಂದ ಕೈ ತೆಗೆದು, ಬಗ್ಗಿ, ಕೆಳಗಿನ ಕೊಳವೆಗೆ ಹಚ್ಚಿದ್ದ ಸಣ್ಣ ಕಡ್ಡಿ ಎಳೆಯಬೇಕಿತ್ತು. ಬ್ರೇಕಂತೂ ಒಂದು ಫರ್ಲಾಂಗು ಮೊದಲೇ ಅರ್ಜಿ ಕೊಟ್ಟರೆ ನಿಲ್ಲುವಂಥದ್ದು. ಅವಳು ಇಡೀ ಮುಷ್ಟಿ ಬಿಗಿದು ಅದನ್ನು ಒತ್ತುವುದನ್ನು ಎಷ್ಟೋ ಸಲ ಕಂಡಿದ್ದೆ. ಲಾರಿಗಳ ನಡುವೆ ಹೀಗೆ ಹೋಗಿ ಬರುತ್ತಾಳಲ್ಲ ಎಂದು ನನಗೆ ಭಯವಿತ್ತು. ಹೋಗಬೇಡ ಎನ್ನುವ ಧೈರ್ಯ ಇರಲಿಲ್ಲ. ಹಾಗಾಗಿ ಸೈಕಲ್ಲನ್ನೇ ಹೊಸದು ಮಾಡಿಬಿಡೋಣ ಎಂದುಕೊಂಡೆ.

ಕಿಲ್ಲೆಯ ಹತ್ತಿರ ಅಂಗಡಿಯಿಟ್ಟಿರುವ ಉಸ್ತಾದರು ಮದುವೆಯಾದ ವರ್ಷದಿಂದ ಆ ಸೈಕಲ್ಲನ್ನು ನೋಡಿಕೊಂಡವರು. ಎಪ್ಪತ್ತು ದಾಟಿದ ಮನುಷ್ಯ. ನನ್ನ ಹೆಂಡತಿಯನ್ನು ‘ಬೇಟಿ’ ಎನ್ನುತ್ತಾರೆ, ನನ್ನನ್ನು ‘ಸಾಬ್’ ಎನ್ನುತ್ತಾರೆ. ಈ ಎರಡು ಮಾತಿನಲ್ಲಿರುವ ದೂರ ನನಗೆ ಅರ್ಥವಾಗುತ್ತದೆ. ನಾನು ಹೊಸ ಚಕ್ರ, ಹೊಸ ಗೇರು, ಹೊಸ ಬ್ರೇಕು ಎಂದು ಪಟ್ಟಿ ಓದಿದಾಗ, ತರಿಸಿರಿ, ನಾನು ಜೋಡಿಸಿಕೊಡುತ್ತೇನೆ ಎಂದರು. ಇಲ್ಲ, ನಾನೇ ಮಾಡುತ್ತೇನೆ ಎಂದೆ. ಹತ್ತು ವಿಡಿಯೋ ನೋಡಿ ಮುಗಿಸಿದ್ದೆ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ, ವಿದ್ಯೆ ಬಂದರೂ ಅಷ್ಟೇ. ಉಸ್ತಾದರು ಬೇಸರ ಮಾಡಿಕೊಳ್ಳಲಿಲ್ಲ. ನನ್ನ ಹತ್ತಿರ ಇಲ್ಲದ, ಬೋಲ್ಟು ಬಿಗಿಯುವ ಎರಡು ಪಾನಾ ಒಳಗಿನಿಂದ ತಂದು ಕೈಯಲ್ಲಿಟ್ಟರು.

‘ಮಾಡ್ರಿ ಸಾಬ್. ಒಂದ ಮಾತು. ಬಿಗಿದಾಂವ ಮೊದಲ ಹತ್ತಬೇಕು. ಬೀಳೂದಿದ್ರ ಅವನ ಬೀಳಲಿ.’

ಅದು ಅವರ ಅಂಗಡಿಯ ಕಾನೂನು. ಪಂಕ್ಚರ್ ಒಂದನ್ನು ಬಿಟ್ಟರೆ ಏನೇ ಬಿಚ್ಚಿ ಜೋಡಿಸಲಿ, ನಾರಾಯಣಪುರದ ರಸ್ತೆಯಲ್ಲಿ ತಾವೇ ಒಂದಿಷ್ಟು ದೂರ ಹೋಗಿ ಬಂದ ಮೇಲೆಯೇ ಗಿರಾಕಿಗೆ ಕೊಡುತ್ತಿದ್ದರು. ಮೊಣಕಾಲು ನೋವು ಶುರುವಾದ ಮೇಲೂ ಬಿಟ್ಟಿರಲಿಲ್ಲ. ಮುದುಕರ ಚಾಳಿ ಎಂದುಕೊಂಡು ನಾನು ತಲೆಯಾಡಿಸಿ ಬಂದೆ.

ಡಬ್ಬಿಗಳು ಬಂದವು. ಹನ್ನೊಂದು ಸಂಜೆ ಹಿತ್ತಲ ಬಾಗಿಲಲ್ಲಿ ಕೂತು ಕೆಲಸ ಮಾಡಿದೆ. ಮೊದಲ ಸಂಜೆಯೇ ಹಳೆಯ ವೈರುಗಳನ್ನೆಲ್ಲ ಕಟ್ಟರಿನಿಂದ ಕಚಕಚ ಕತ್ತರಿಸಿ ಬುಟ್ಟಿಗೆ ಹಾಕಿದೆ. ಪೆಡಲಿನ ಅಚ್ಚು ಕೂತಿರುವ ಬಟ್ಟಲು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಅದರ ಬಲಗಡೆಯ ತಿರುವು ಉಲ್ಟಾ ಇರುತ್ತದೆ, ಎಲ್ಲರೂ ಅಲ್ಲೇ ಎಡವುತ್ತಾರೆ. ನಾನು ಎಡವಲಿಲ್ಲ. ಎಡ ಪೆಡಲಿನ ತಿರುವೂ ಉಲ್ಟಾ, ಅದೂ ಗೊತ್ತಿತ್ತು. ಹೊಸ ಹಿಂದಿನ ಚಕ್ರ ಹಳೆಯದಕ್ಕಿಂತ ನಾಲ್ಕು ಮಿಲಿಮೀಟರ್ ಹೆಚ್ಚು ಅಗಲವಿತ್ತು. ಚೌಕಟ್ಟಿನ ಉಕ್ಕನ್ನು ಎರಡೂ ಕೈಯಿಂದ ಮೆಲ್ಲಗೆ ಅಗಲಿಸಿ, ಉಸಿರು ಬಿಗಿಹಿಡಿದು ಅದನ್ನು ಕೂರಿಸಿದೆ. ಪ್ರತಿಯೊಂದು ಬೋಲ್ಟಿಗೂ ಕಾಗದದ ಮೇಲೆ ಟಿಕ್ಕು ಹಾಕಿದೆ. ಮಾಡಿದವನ ಸಹಿ ನನ್ನದು. ನೋಡಿದವನ ಸಹಿಯೂ ನನ್ನದೇ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ಕೊನೆಗೆ ಬ್ರೇಕಿನ ವೈರು. ಹೊಸ ಹಿಡಿಕೆಗಳಲ್ಲಿ ಗೇರು, ಬ್ರೇಕು ಎರಡೂ ಒಂದರಲ್ಲೇ. ಹಿಂದಿನ ಚಕ್ರದ ಗೇರು ಬಲಗೈಯಲ್ಲಿ. ಹಾಗಾದರೆ ಹಿಂದಿನ ಬ್ರೇಕೂ ಬಲಗೈಯಲ್ಲೇ ಇದ್ದರೆ ಚೆಂದ ಎಂದು ನನಗೆ ಅನ್ನಿಸಿತು, ವಿಡಿಯೋದ ವಿದೇಶಿ ಮನುಷ್ಯನೂ ಹಾಗೆಯೇ ಹಾಕಿದ್ದ. ಬಲಗೈಗೆ ಹಿಂದಿನದು, ಎಡಗೈಗೆ ಮುಂದಿನದು. ಟಿಕ್ಕು ಹಾಕಿ ಕಾಗದ ಮಡಚಿದೆ. ಶುಕ್ರವಾರ ಕತ್ತಲಾಗಿತ್ತು. ಸೀಟು ಅವಳ ಅಳತೆಗೆ ಬಿಗಿದಿದ್ದೆ, ಮತ್ತೆ ಇಳಿಸಿ ನಾನು ಹತ್ತುವುದೇನು ಎಂದುಕೊಂಡೆ. ಅದು ನೆಪ. ಮೊದಲು ಅವಳೇ ಹತ್ತಬೇಕು, ಹತ್ತಿ ನನ್ನ ಕಡೆ ತಿರುಗಿ ನೋಡಬೇಕು ಎಂಬ ಆಸೆ ನನಗಿತ್ತು.

ಶನಿವಾರ ಬೆಳಿಗ್ಗೆ ಚಳಿ ಕೊರೆಯುತ್ತಿತ್ತು. ಅವಳು ಸ್ವೆಟರ್ ಹಾಕಿಕೊಂಡು, ಹಸಿರು ನೀರಿನ ಬಾಟಲಿ ಸಿಕ್ಕಿಸಿ, ಹೊಸ ಕೆಂಪು ಪಟ್ಟಿ ಸುತ್ತಿದ ಹ್ಯಾಂಡಲ್ಲನ್ನು ಒಮ್ಮೆ ಸವರಿದಳು. ಭಾರಿ ಮಾಡೀರಿ ಎಂದಳು. ಬೇರೇನನ್ನೂ ನೋಡಲಿಲ್ಲ. ಹತ್ತಿ, ಓಣಿಯ ತಿರುವಿನಲ್ಲಿ ನನ್ನ ಕಡೆ ತಿರುಗಿ ನಕ್ಕು, ಹೋದಳು. ನನ್ನ ಎದೆ ಉಬ್ಬಿತ್ತು. ನನಗೆ ಅಂದು ಎರಡನೇ ಪಾಳಿ. ಆ ಖುಷಿ ಮನೆಯಲ್ಲಿ ಹಿಡಿಸಲಿಲ್ಲ. ಪಾನಾ ವಾಪಸ್ ಕೊಡುವ ನೆಪದಲ್ಲಿ ಮೋಟರ್ ಸೈಕಲ್ ತೆಗೆದು ಉಸ್ತಾದರ ಹತ್ತಿರ ಹೋದೆ.

ಉಸ್ತಾದರು ನಮಾಜು ಮುಗಿಸಿ ಬಂದು ಅಂಗಡಿಯ ಮುಂದೆ ಕಸ ಗುಡಿಸುತ್ತಿದ್ದರು. ನಾನು ಉಲ್ಟಾ ತಿರುವಿನ ಕಥೆಯಿಂದ ಶುರು ಮಾಡಿದೆ. ಅವರು ಅದನ್ನು ಕೇಳಲಿಲ್ಲ. ನೀವು ಹತ್ತಿ ನೋಡಿದಿರಾ ಎಂದರು. ಇಲ್ಲ, ಅವಳೇ ಹೊರಟಳು ಎಂದೆ. ಅವರ ಕೈ ಪೊರಕೆಯ ಮೇಲೆ ನಿಂತಿತು.

‘ಎಡಗೈಗಿ ಯಾವುದು ಕೊಟ್ಟೀರಿ?’

ನಾನು ಹೆಮ್ಮೆಯಿಂದಲೇ ಹೇಳಿದೆ, ಮುಂದಿನದು ಎಂದು. ಉಸ್ತಾದರು ಪೊರಕೆ ಕೆಳಗೆ ಹಾಕಿ ತಮ್ಮ ಎಡಗೈಯನ್ನು ನನ್ನ ಮುಖದ ಮುಂದೆ ಹಿಡಿದು ಮುಷ್ಟಿ ಬಿಗಿದರು. ನಮ್ಮ ದೇಶದಲ್ಲಿ ಎಡಗೈಗೆ ಹಿಂದಿನ ಬ್ರೇಕು, ಬಲಕ್ಕೆ ಗಾಡಿ ಓಡುವ ದೇಶದವರು ಅದನ್ನು ಉಲ್ಟಾ ಹಾಕುತ್ತಾರೆ, ನೀವು ಅವರದು ನೋಡಿ ಹಾಕಿದ್ದೀರಿ ಎಂದರು. ಬೇಟಿ ಇಳಿಜಾರಿನಲ್ಲಿ ಮೊದಲು ಎಡಗೈಯನ್ನೇ ಪೂರಾ ಒತ್ತುತ್ತಾಳೆ, ಅದಕ್ಕೇ ಹಿಂದಿನ ಬ್ರೇಕಿನ ರಬ್ಬರನ್ನು ನಾಲ್ಕು ಸಲ ಬದಲಿಸುವ ಹೊತ್ತಿಗೆ ಮುಂದಿನದನ್ನು ಒಂದೇ ಸಲ ಬದಲಿಸಿದ್ದೇನೆ ಎಂದರು. ಹಳೆಯ ಬ್ರೇಕಿಗೆ ಮುಷ್ಟಿ ಬೇಕಿತ್ತು. ಹೊಸದು ಎರಡೂ ಕಡೆಯಿಂದ ಕಚ್ಚುವಂಥದ್ದು, ಎರಡು ಬೆರಳು ಸಾಕು. ಆ ಮುಷ್ಟಿಯಿಂದ ಅವಳು ಮುಂದಿನ ಚಕ್ರವನ್ನು ಹಿಡಿದರೆ ಹಿಂದಿನ ಚಕ್ರ ಎದ್ದು ಅವಳ ತಲೆಯ ಮೇಲೆ ಬರುತ್ತದೆ. ಇದನ್ನು ಅವರು ಹೇಳಲಿಲ್ಲ. ನನಗೇ ಹೊಳೆಯಿತು.

‘ಜಲ್ದಿ ಹೋಗ್ರಿ,’ ಎಂದರು.

ಮೊದಲು ಫೋನ್ ಮಾಡಿದೆ. ಸೈಕಲ್ ಮೇಲಿದ್ದಾಗ ಅವಳು ಎತ್ತುವುದಿಲ್ಲ ಎಂದು ಗೊತ್ತಿದ್ದೂ ಮೂರು ಸಲ ಮಾಡಿದೆ. ಗಾಡಿ ಚಾಲೂ ಮಾಡಿದೆ. ಅವಳು ಹೊರಟು ಮುಕ್ಕಾಲು ಗಂಟೆಯಾಗಿತ್ತು. ಊರೊಳಗೆ ಏನೂ ಆಗಿರಲಾರದು, ಆ ಹೊತ್ತಿಗೆ ಓಣಿಗಳು ಖಾಲಿ, ಬೆರಳು ತಾಗಿಸಿದರೆ ಸಾಕು. ಬಂಗ್ಲಾ ಕ್ರಾಸಿನವರೆಗೂ ಏನೂ ಆಗಲಾರದು. ಅದಾದ ಮೇಲೆ ಹೆದ್ದಾರಿ. ಮೋಟರ್ ಸೈಕಲ್ ಎಷ್ಟು ಓಡಿಸಿದರೂ ಅಲ್ಲೇ ನಿಂತಂತಿತ್ತು. ದಾರಿಯುದ್ದಕ್ಕೂ ನನ್ನ ಎಡಗೈ ತಾನೇ ಮುಷ್ಟಿಯಾಗುತ್ತಿತ್ತು, ನಾನು ಅದನ್ನು ಬಿಡಿಸುತ್ತಿದ್ದೆ.

ಕ್ರಾಸಿನಲ್ಲಿ ಜನ ಗುಂಪುಗೂಡಿದ್ದರು. ವೇಗ ಇಳಿಸಿ ಇಣುಕಿದೆ. ಟೆಂಪೋದಿಂದ ತೊಗರಿ ಚೀಲ ಬಿದ್ದು ಒಡೆದಿತ್ತು, ಅಷ್ಟೇ, ಎರಡು ಜನ ಕೂತು ಕಾಳು ಗೋರುತ್ತಿದ್ದರು. ಕೆಂಪು ಪಟ್ಟಿಯ ಸೈಕಲ್ ನೋಡಿದಿರಾ ಎಂದು ಕೇಳಲೂ ನಾನು ನಿಲ್ಲಲಿಲ್ಲ.

ರಾಜೇಶ್ವರ ದಾಟಿದ ಮೇಲೆ ರಸ್ತೆ ಒಂದೆಡೆ ಇಳಿಯುತ್ತದೆ, ಕೆಳಗೆ ಒಂದು ಸಣ್ಣ ಸೇತುವೆ, ಅದರ ಪಕ್ಕಕ್ಕೆ ಚಹಾದ ಗೂಡಂಗಡಿ. ಸೇತುವೆಯ ಈಚೆ, ಮಣ್ಣಿನಲ್ಲಿ, ಹಸಿರು ಬಾಟಲಿ ಬಿದ್ದಿತ್ತು. ಸೈಕಲ್ ಇರಲಿಲ್ಲ. ಅವಳೂ ಇರಲಿಲ್ಲ.

ಗಾಡಿ ಬಿಟ್ಟು ಇಳಿದೆ. ಸೇತುವೆಯ ಕೆಳಗೆ ಬಗ್ಗಿ ನೋಡಿದೆ. ಚಹಾದವನು ಅಲ್ಲಿಂದಲೇ ಕೂಗಿ ಯಾರು ಬೇಕು ಎಂದ. ಬಾಟಲಿ ಎತ್ತಿ ತೋರಿಸಿದೆ.

‘ಟೀಚರೇನ್ರಿ? ಬಿದ್ರು, ಎದ್ರು, ಹೋದ್ರು.’

ಅಡ್ಡ ಏನು ಬಂತು ಎಂದು ಕೇಳಿದೆ. ಏನೂ ಇಲ್ಲ, ರೋಡು ಖಾಲಿ ಇತ್ತು, ಬ್ರೇಕು ಒತ್ತಿದರು, ಹ್ಯಾಂಡಲ್ ಮೇಲಿಂದ ಹಾರಿ ಮಣ್ಣಿಗೆ ಬಿದ್ದರು ಎಂದ. ಪುಣ್ಯಕ್ಕೆ ಡಾಂಬರಿನ ಮೇಲಲ್ಲ. ನೀರು ಕೊಟ್ಟನಂತೆ, ಕೈ ತೊಳೆದುಕೊಂಡು, ಎರಡೂ ಬ್ರೇಕನ್ನು ಒಂದೊಂದಾಗಿ ಒತ್ತಿ ನೋಡಿ, ಹತ್ತಿ ಹೋದರಂತೆ. ನಾನು ಗೂಡಂಗಡಿಯ ಕಟ್ಟೆಯ ಮೇಲೆ ಕೂತುಬಿಟ್ಟೆ. ಅವನು ಕೇಳದೆಯೇ ಚಹಾ ಕೊಟ್ಟ. ಕುಡಿಯಲಾಗಲಿಲ್ಲ. ಬಾಟಲಿಯನ್ನು ಗಾಡಿಯ ಪೆಟ್ಟಿಗೆಯಲ್ಲಿ ಹಾಕಿಕೊಂಡು ಹೊರಟೆ.

ಶಾಲೆಯ ಮೈದಾನದಲ್ಲಿ ಅವಳು ಮಕ್ಕಳಿಗೆ ಕವಾಯತು ಮಾಡಿಸುತ್ತಿದ್ದಳು. ಬಾಯಲ್ಲಿ ಸೀಟಿ. ಎಡ ಮಣಿಕಟ್ಟಿಗೆ ಕರವಸ್ತ್ರ ಬಿಗಿದಿತ್ತು, ಅಂಗೈ ತರಚಿತ್ತು, ಗದ್ದದ ಮೇಲೆ ಮಣ್ಣು ಒಣಗಿತ್ತು. ಬದುಕಿದ್ದಾಳೆ ಎಂದು ಕಂಡ ಕೂಡಲೇ ನನಗೆ ಅಳು ಬಂತು, ಅದರ ಹಿಂದೆಯೇ ಭಯವೂ ಬಂತು. ಏನೆಂದು ಹೇಳಲಿ? ಅವಳು ಸೀಟಿ ತೆಗೆದು ನನ್ನ ಹತ್ತಿರ ಬಂದಳು. ಇನ್ನಿಬ್ಬರು ಶಿಕ್ಷಕಿಯರೂ ಬಂದರು.

‘ನಾಯಿ ಅಡ್ಡ ಬಂತು,’ ಎಂದಳು.

ಶಿಕ್ಷಕಿಯರು ಹೆದ್ದಾರಿಯ ನಾಯಿಗಳನ್ನು ಬೈದರು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಇಷ್ಟು ಬೇಗ ಇಲ್ಲಿಗೆ ಹೇಗೆ ಬಂದಿರಿ ಎಂದು ಕೇಳಿದಳು. ಕಾರ್ಖಾನೆಯಲ್ಲಿ ಕೆಲಸವಿತ್ತು, ಹಾಗೇ ಬಂದೆ ಎಂದೆ. ಹೌದಾ ಎಂದಳು. ಒಂದು ಸುಳ್ಳಿಗೆ ಇನ್ನೊಂದು ಸುಳ್ಳು ಎದುರು ನಿಂತಿತು.

ಚಹಾದವನ ಮಾತು ನನ್ನ ಕಿವಿಯಲ್ಲೇ ಇತ್ತು. ನಾಯಿ ಇರಲಿಲ್ಲ. ಆದರೆ ತಪ್ಪು ಮಾಡಿದವನ ಬುದ್ಧಿ ಬಲು ಚುರುಕು. ಪಂದ್ಯ ಗೆದ್ದವಳು, ಖಾಲಿ ರಸ್ತೆಯಲ್ಲಿ ಬಿದ್ದೆ ಎಂದು ಹೇಳಿಕೊಳ್ಳಲು ನಾಚಿಕೆಯಾಗಿ ನಾಯಿಯನ್ನು ತಂದಿದ್ದಾಳೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಎರಡೂ ಬ್ರೇಕು ಒತ್ತಿ ನೋಡಿ ಹೋದಳು ಎಂಬ ಮಾತನ್ನು ಬೇಕೆಂದೇ ಮರೆತೆ. ಡಾಕ್ಟರು ಮೂಳೆ ಮುರಿದಿಲ್ಲ, ಉಳುಕಿದೆ ಎಂದು ಪಟ್ಟಿ ಸುತ್ತಿದರು. ಸೈಕಲ್ ಶಾಲೆಯ ಆಟದ ಸಾಮಾನಿನ ಕೋಣೆಯಲ್ಲೇ ಇರಲಿ, ನಾನು ತರುತ್ತೇನೆ ಎಂದೆ. ಅವಳನ್ನು ಬಸ್ಸು ಹತ್ತಿಸಿ ಪಾಳಿಗೆ ಹೋದೆ. ಅಂದು ಕಾರ್ಖಾನೆಯಲ್ಲಿ ಒಬ್ಬ ಹೊಸ ಹುಡುಗ ಕಾಗದದ ಮೇಲೆ ಒಂದು ಅಂಕಿ ಹಿಂದೆಮುಂದೆ ಬರೆದಿದ್ದ. ಅವನನ್ನು ಬೈಯದೆ, ತಿದ್ದಿ ತಾ ಎಂದು ಕಾಗದ ವಾಪಸ್ ಕೊಟ್ಟೆ.

ಭಾನುವಾರ ಹೇಳಬೇಕೆಂದುಕೊಂಡೆ. ಅವಳು ಒಂದೇ ಕೈಯಲ್ಲಿ ರೊಟ್ಟಿ ತಟ್ಟಲು ಹೋಗಿ ಬಿಟ್ಟಳು, ನಾನು ತಟ್ಟಿದೆ, ಅವು ಯಾವ ಆಕಾರಕ್ಕೂ ಬರಲಿಲ್ಲ. ಇಬ್ಬರೂ ನಗಬಹುದಿತ್ತು. ಅವಳು ನಗಲಿಲ್ಲ. ಮುಂದಿನದಲ್ಲ, ಅದರ ಮುಂದಿನ ಶನಿವಾರ ಮತ್ತೆ ಹೋಗುತ್ತೇನೆ ಎಂದಳು. ಸೋಮವಾರ ಬ್ಯಾಗು ಹೆಗಲಿಗೇರಿಸಲು ಕಷ್ಟಪಡುತ್ತಿದ್ದವಳಿಗೆ ನೆರವಾದೆ, ಆಗಲೂ ಹೇಳಲಿಲ್ಲ. ಮನೆಯಲ್ಲಿ ಅವಳು ನನ್ನನ್ನು ನೋಡುವಾಗಲೆಲ್ಲ ಏನೋ ಕೇಳಲಿದ್ದಾಳೆ ಅನ್ನಿಸುತ್ತಿತ್ತು. ಕೇಳುತ್ತಿರಲಿಲ್ಲ. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

ಮಂಗಳವಾರ ಗೂಡ್ಸ್ ಆಟೋದಲ್ಲಿ ಸೈಕಲ್ ತಂದು ನೇರ ಉಸ್ತಾದರ ಅಂಗಡಿಗೆ ಇಳಿಸಿದೆ. ವೈರು ಅದಲುಬದಲು ಮಾಡಿಕೊಡಿ, ಅವಳಿಗೆ ಗೊತ್ತಾಗುವುದು ಬೇಡ ಎಂದೆ. ಉಸ್ತಾದರು ಹ್ಯಾಂಡಲ್ಲಿನ ಉಜ್ಜಿಹೋದ ಕೆಂಪು ಪಟ್ಟಿಯ ಮೇಲೆ ಬೆರಳಾಡಿಸಿದರು.

‘ಸೇತುವಿಯಿಂದ ಸಾಲಿತನಕ ಬೇಟಿ ಹ್ಯಾಂಗ ಹೋದ್ಳು? ಕೈ ಉಲ್ಟಾ ಕಲತದ ಸಾಬ್. ಈಗ ನೀವು ಹೇಳದ ಬದಲಿಸಿದ್ರ ಎರಡನೇ ಸಲ ಬೀಳ್ತಾಳ.’

ಅಲ್ಲಿಗೆ ಮುಗಿಯಿತು. ನನ್ನ ತಪ್ಪನ್ನು ಬಾಯಿ ಮುಚ್ಚಿಕೊಂಡು ತಿದ್ದಲು ದಾರಿಯೇ ಇರಲಿಲ್ಲ. ಹೇಳಿ ಬನ್ನಿ, ಆಮೇಲೆ ಪಾನಾ ಎತ್ತುತ್ತೇನೆ ಎಂದು ಉಸ್ತಾದರು ಬೇರೆ ಸೈಕಲ್ಲಿನ ಕಡೆ ತಿರುಗಿದರು.

ಸಂಜೆ ಅವಳು ಬಸ್ಸಿನಿಂದಿಳಿದು ಬಂದು ಅಂಗಳದ ಕಟ್ಟೆಯ ಮೇಲೆ ಕೂತಿದ್ದಳು. ಗಾಡಿಯ ಪೆಟ್ಟಿಗೆಯಿಂದ ಹಸಿರು ಬಾಟಲಿ ತೆಗೆದು ಅವಳ ಪಕ್ಕದಲ್ಲಿಟ್ಟೆ.

‘ನಾಯಿ ಇರಲಿಲ್ಲ,’ ಎಂದೆ. ‘ವೈರು ನಾನು ಉಲ್ಟಾ ಹಾಕಿದ್ದೆ. ಶನಿವಾರನ ಗೊತ್ತಾಗಿತ್ತು. ಅದಕ್ಕ ಬೆನ್ನತ್ತಿ ಬಂದಿದ್ದೆ.’

ಅವಳು ಬಾಟಲಿಯನ್ನು ಕೈಗೆತ್ತಿಕೊಂಡು, ಅದರ ಮೇಲಿದ್ದ ಮಣ್ಣನ್ನು ಹೆಬ್ಬೆರಳಿನಿಂದ ಉಜ್ಜಿದಳು.

‘ನನಗ ಬಿದ್ದಲ್ಲೇ ಗೊತ್ತಾತು. ಒತ್ತಿ ನೋಡಿದೆ. ಅಷ್ಟು ಮಂದಿ ಮುಂದ ನನ್ನ ಗಂಡ ಉಲ್ಟಾ ಜೋಡಿಸ್ಯಾನ ಅಂತ ಹ್ಯಾಂಗ ಹೇಳಲಿ? ಅವರಿಗಿ ನಾಯಿ ಸಾಕು. ಮನಿಗಿ ಬಂದ ಮ್ಯಾಲ ನೀವು ಹೇಳ್ತೀರಿ ಅಂದ್ಕೊಂಡೆ.’

ನಾನು ತಪ್ಪಾಯಿತು ಎಂದೆ. ಹೇಳಬೇಕಾದ ಮಾತು ಅದೊಂದೇ ಇತ್ತು, ಅದೂ ಸಣ್ಣದಾಯಿತು.

‘ವೈರು ಯಾರಾದ್ರೂ ತಪ್ಪು ಹಾಕ್ತಾರ್ರಿ,’ ಎಂದಳು. ‘ಮೂರು ದಿನ ಸುಮ್ಮ ಇದ್ರಲ್ಲ, ಅದಕ್ಕ ಯಾವ ಪಟ್ಟಿ ಕಟ್ಟಲಿ?’

ಅವಳು ಬಾಟಲಿ ತೊಳೆಯಲು ಒಳಗೆ ಹೋದಳು. ನನಗೆ ಅಷ್ಟು ನಾಚಿಕೆ ಎಂದೂ ಆಗಿರಲಿಲ್ಲ.

ಮರುದಿನ ಉಸ್ತಾದರು ವೈರು ಬಿಚ್ಚಿಕೊಟ್ಟರು, ಹಾಕುವುದನ್ನು ನನ್ನ ಕೈಯಿಂದಲೇ ಮಾಡಿಸಿದರು. ಎಡಗೈಗೆ ಹಿಂದಿನದು, ಬಲಗೈಗೆ ಮುಂದಿನದು. ಸೀಟು ಇಳಿಸಿ ನನ್ನನ್ನು ಹತ್ತಿಸಿದರು. ನಾರಾಯಣಪುರದ ರಸ್ತೆಯಲ್ಲಿ, ನನ್ನ ಹೊಟ್ಟೆ ಆ ಬಾಗಿದ ಹ್ಯಾಂಡಲ್ಲಿಗೆ ಅಡ್ಡ ಬರುತ್ತ, ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದ ಹೆಂಗಸರು ನಗುತ್ತ ನೋಡುತ್ತಿರಲು, ಎಡ ಒಮ್ಮೆ ಬಲ ಒಮ್ಮೆ ಒತ್ತುತ್ತ ಹೋಗಿ ಬಂದೆ. ಬೀಳಲಿಲ್ಲ. ಬಿದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಕೈ ವಾಸಿಯಾಯಿತು. ಸೈಕಲ್ ಈಗ ಮೊದಲಿಗಿಂತ ಹಗುರಾಗಿ ಓಡುತ್ತದೆ, ಹಾಗೆಂದು ಅವಳೇ ಹೇಳುತ್ತಾಳೆ. ನಮ್ಮ ಮಾತುಕತೆ, ಸಾರಿನ ಉಪ್ಪಿನ ಹಾಸ್ಯ ಎಲ್ಲ ಮೊದಲಿನಂತೆಯೇ ಇದೆ. ಪ್ರತಿ ಶುಕ್ರವಾರ ಸಂಜೆ ನಾನೇ ಸೀಟು ಇಳಿಸಿ, ಹತ್ತಿ, ಓಣಿಯ ಕೊನೆಯವರೆಗೆ ಹೋಗಿ ಬರುತ್ತೇನೆ. ಅವಳು ಅದನ್ನು ಕಿಟಕಿಯಿಂದ ನೋಡಿರುತ್ತಾಳೆ.

ಆದರೂ ಶನಿವಾರ ಬೆಳಿಗ್ಗೆ ಅವಳು ಸೈಕಲ್ಲನ್ನು ಬಾಗಿಲಿನಿಂದ ಹತ್ತು ಹೆಜ್ಜೆ ತಳ್ಳಿಕೊಂಡು ಹೋಗುತ್ತಾಳೆ. ಎಡಗೈ ಒತ್ತಿ ಹಿಂದಿನ ಚಕ್ರ ನೋಡುತ್ತಾಳೆ. ಬಲಗೈ ಒತ್ತಿ ಮುಂದಿನ ಚಕ್ರ ನೋಡುತ್ತಾಳೆ. ಆಮೇಲೆ ಹತ್ತುತ್ತಾಳೆ. ಕಾರ್ಖಾನೆಯಲ್ಲಿ ಯಾರಾದರೂ ಹೀಗೆ ಮಾಡಿದರೆ ನಾನು ಶಭಾಸ್ ಎನ್ನುತ್ತೇನೆ. ಮೊದಲೆಲ್ಲ ಅವಳು ನೋಡದೆಯೇ ಹತ್ತುತ್ತಿದ್ದಳು.